ಎಂಜಿನ್ ನಿಂತ ಮೇಲಿನ ಬಿಸಿ

ಟರ್ಬೊ ಇರುವ ಕಾರಿನ ಕೆಲವು ಭಾಗಗಳು ಎಲ್ಲಕ್ಕಿಂತ ಹೆಚ್ಚು ಕಾಯುವುದು ಕಾರು ಓಡುವಾಗಲ್ಲ, ನಿಂತ ಕೆಲವು ನಿಮಿಷಗಳ ಮೇಲೆ. ಕೇಳಲು ವಿಚಿತ್ರ ಅನ್ನಿಸಿದರೂ ಲೆಕ್ಕ ಸರಳ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಆಯಿಲ್ ಹರಿಯುತ್ತದೆ, ನೀರು ಸುತ್ತುತ್ತದೆ, ಮುಂದಿನಿಂದ ಗಾಳಿ ಬಡಿಯುತ್ತದೆ. ಆಫ್ ಮಾಡಿದ ಕ್ಷಣದಲ್ಲಿ ಮೂರೂ ಒಟ್ಟಿಗೆ ನಿಲ್ಲುತ್ತವೆ. ಬೆಂಕಿಯೂ ನಿಂತಿತಲ್ಲ ಎನ್ನಬಹುದು. ಆದರೆ ಬೆಂಕಿ ಕಾಯಿಸಿಟ್ಟ ಲೋಹ ಇನ್ನೂ ಅಲ್ಲೇ ಇದೆ. ಅದರೊಳಗಿನ ಬಿಸಿ ಹೊರಗೆ ಹೋಗುವ ದಾರಿ ಕಾಣದೆ ಪಕ್ಕದ ತಣ್ಣನೆಯ ಭಾಗಗಳಿಗೆ ನುಗ್ಗುತ್ತದೆ.

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಬೇರೂರಿರುವ ಒಂದು ಪದ್ಧತಿಗೆ ಮೂಲ ಇದೇ. ಗಾಡಿ ನಿಲ್ಲಿಸಿದ ತಕ್ಷಣ ಆಫ್ ಮಾಡಬಾರದು, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬೇಕು ಎನ್ನುವುದು ಆ ಪದ್ಧತಿ. ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಭೋರ್ಗರೆದು ಹೋಗಿ ಯಾವುದಾದರೂ ಹೋಟೆಲಿನ ಮುಂದೆ ಸಾಲಾಗಿ ನಿಲ್ಲುವ ಕಾರುಗಳನ್ನು ನೋಡಿದರೆ ಎರಡೂ ಪಂಗಡದವರು ಸಿಗುತ್ತಾರೆ. ಒಬ್ಬರು ಬಾಗಿಲು ತೆರೆದು ಕಾಲು ಹೊರಗಿಟ್ಟು ಕೂತು ಮನಸ್ಸಿನಲ್ಲೇ ನಿಮಿಷ ಎಣಿಸುತ್ತಿರುತ್ತಾರೆ. ಇನ್ನೊಬ್ಬರು ಗುಂಡಿ ಒತ್ತಿ ಆಫ್ ಮಾಡಿ ಇಡ್ಲಿಗೆ ಹೋಗಿಬಿಟ್ಟಿರುತ್ತಾರೆ. ಮೊದಲಿನವರ ದೃಷ್ಟಿಯಲ್ಲಿ ಎರಡನೆಯವರಿಗೆ ಗಾಡಿಯ ಬೆಲೆ ಗೊತ್ತಿಲ್ಲ. ಎರಡನೆಯವರ ದೃಷ್ಟಿಯಲ್ಲಿ ಮೊದಲಿನವರು 1985ರಲ್ಲೇ ಉಳಿದುಬಿಟ್ಟಿದ್ದಾರೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಇಬ್ಬರೂ ಕೇಳಬೇಕಾದ ಪ್ರಶ್ನೆಯೊಂದು ಮಾತ್ರ ಉಳಿದುಹೋಗಿದೆ: ನಿಲ್ಲಿಸುವುದಕ್ಕೆ ಮುಂಚಿನ ಐದು ನಿಮಿಷ ಗಾಡಿಯನ್ನು ಹೇಗೆ ಓಡಿಸಿದಿರಿ?

ಪ್ರಶ್ನೆಯ ತಿರುಳು ಟರ್ಬೊದಲ್ಲಿದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದ ಕಲ್ಪನೆ ಅದು. ಸೈಲೆನ್ಸರ್ ಕಡೆಗೆ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸು, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬು. ಪೆಟ್ರೋಲ್ ಎಂಜಿನ್ನನ್ನು ಪೂರ್ತಿ ರೇಸ್‌ನಲ್ಲಿ ಎಳೆದಾಗ ಈ ಹೊಗೆ 900ರಿಂದ 1,050 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾದಿರುತ್ತದೆ. ರಾತ್ರಿ ಹೊತ್ತು ಬಾನೆಟ್ ತೆಗೆದು ನೋಡಿದರೆ ಟರ್ಬೈನಿನ ಕವಚ ಕೆಂಪಗೆ ಕಾಣುವುದೂ ಉಂಟು. ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಸಣ್ಣ ಟರ್ಬೊಗಳಲ್ಲಿ ಎರಡು ಲಕ್ಷವನ್ನೂ. ಆ ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕ್ಷಣದಲ್ಲಿ ಕಥೆ ಮುಗಿಯುತ್ತದೆ. ಹಾಗಾಗಿ ಶಾಫ್ಟು ಬೇರಿಂಗಿನೊಳಗೆ ತೆಳುವಾದ ಆಯಿಲ್ ಪೊರೆಯ ಮೇಲೆ ತೇಲುತ್ತಿರುತ್ತದೆ. ಆ ಆಯಿಲ್ ಬರುವುದು ಎಂಜಿನ್ ಪಂಪಿನಿಂದ. ಜಾರುವಂತೆ ಮಾಡುವುದರ ಜೊತೆಗೆ ಬಿಸಿಯನ್ನು ಹೊತ್ತೊಯ್ಯುವ ಕೆಲಸವೂ ಅದರದೇ.

ಒಂದು ಕಡೆ ಕೆಂಡದಂತಿರುವ ಕವಚ, ಅದಕ್ಕೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಆಯಿಲ್‌ನಲ್ಲಿ ಮುಳುಗಿದ ಬೇರಿಂಗ್. ಈ ಸ್ಥಿತಿಯಲ್ಲಿ ಎಂಜಿನ್ ಆಫ್ ಆಯಿತು ಎನ್ನಿ. ಪಂಪು ನಿಂತಿತು, ಹೊಸ ಆಯಿಲ್ ಬರುವುದು ನಿಂತಿತು, ಬೇರಿಂಗಿನಲ್ಲಿ ಉಳಿದ ಹನಿಗಳು ಅಲ್ಲೇ ಸಿಕ್ಕಿಕೊಂಡವು. ಕವಚದ ಬಿಸಿ ಶಾಫ್ಟಿನ ಮೂಲಕ ಒಳಗೆ ಹರಿದು ಬರುತ್ತದೆ. ಒಲೆ ಆರಿಸಿದ ಮೇಲೂ ಕಾವಲಿಯ ಮೇಲೆ ಉಳಿದ ಎಣ್ಣೆ ಸುಟ್ಟು ಕರಿ ಹಿಡಿಯುವಂತೆಯೇ ಇಲ್ಲೂ ಆಗುತ್ತದೆ: ಹಗುರ ಅಂಶ ಆವಿಯಾಗಿ, ಉಳಿದದ್ದು ಮೊದಲು ಅಂಟಂಟು ವಾರ್ನಿಷ್ ಆಗಿ, ಬರಬರುತ್ತಾ ಗಟ್ಟಿ ಕರಿಯಾಗುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ನೂರಾರು ಸಲ ಹೀಗಾದರೆ ಆಯಿಲ್ ಬರುವ ಕಿರಿದಾದ ದಾರಿ ಕಟ್ಟಿಕೊಳ್ಳುತ್ತದೆ, ಕರಿಯ ಕಣಗಳು ಬೇರಿಂಗನ್ನು ಉಜ್ಜುತ್ತವೆ, ಶಾಫ್ಟು ಅಲ್ಲಾಡತೊಡಗುತ್ತದೆ, ಸೀಲು ದಾಟಿ ಬಂದ ಆಯಿಲ್ ಉರಿದು ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ.

ಇದು ಬರೀ ಹೆದರಿಕೆಯ ಮಾತಾಗಿರಲಿಲ್ಲ ಎನ್ನುವುದಕ್ಕೆ ಮೊದಲ ತಲೆಮಾರಿನ ಟರ್ಬೊ ಕಾರುಗಳೇ ಸಾಕ್ಷಿ. ಮಾರಾಟಕ್ಕೆ ಬಂದ ಮೊದಲ ಎರಡು ಟರ್ಬೊ ಕಾರುಗಳು 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೆರ್ ಮೊಂಜಾ ಸ್ಪೈಡರ್. ಜೆಟ್‌ಫೈರ್‌ಗೆ ಪೆಟ್ರೋಲ್ ಅಲ್ಲದೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನೂ ತುಂಬಿಸಬೇಕಿತ್ತು. ಜನ ಅದನ್ನು ಮರೆತರು. ಕೊನೆಗೆ ಕಂಪನಿಯೇ ಎಷ್ಟೋ ಕಾರುಗಳ ಟರ್ಬೊ ಬಿಚ್ಚಿ ಬೇರೆ ಕಾರ್ಬ್ಯುರೇಟರ್ ಕೂರಿಸಿಕೊಟ್ಟಿತು. ಆಮೇಲೆ 1973ರಲ್ಲಿ ಬಿಎಂಡಬ್ಲ್ಯೂ 2002 ಟರ್ಬೊ, 1975ರಲ್ಲಿ ಪೋರ್ಶೆ 911 ಟರ್ಬೊ, 1978ರಲ್ಲಿ ಸಾಬ್ 99 ಟರ್ಬೊ ರಸ್ತೆಗೆ ಬಂದವು. ಈ ಕಾಲದ ಟರ್ಬೊಗಳಲ್ಲಿ ಬೇರಿಂಗಿಗೆ ಆಯಿಲ್ ಬಿಟ್ಟರೆ ಬೇರೆ ತಂಪಿರಲಿಲ್ಲ. ಹೆಚ್ಚಿನ ಜನ ಹಾಕುತ್ತಿದ್ದದ್ದು ಮಾಮೂಲಿ ಮಿನರಲ್ ಆಯಿಲ್. ಇಂದಿನ ಸಿಂಥೆಟಿಕ್ ಆಯಿಲ್‌ಗಳಷ್ಟು ಬಿಸಿ ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಆಫ್ ಮಾಡುವ ಮುನ್ನ ಐಡಲ್‌ನಲ್ಲಿ ಬಿಡಿ ಎಂಬ ಸೂಚನೆ ಆ ಕಾರುಗಳ ಮಟ್ಟಿಗೆ ಅಕ್ಷರಶಃ ಸರಿ. ಇಂದಿಗೂ ಅಂಥ ಹಳೆಯ ಕಾರನ್ನು ಮೂಲ ಟರ್ಬೊದೊಂದಿಗೆ ಕಾಪಾಡಿಕೊಂಡವರು ಆ ಪಾಠವನ್ನು ಮರೆಯುವಂತಿಲ್ಲ.

911 ಟರ್ಬೊದ ವಿಷಯದಲ್ಲಿ ಇನ್ನೊಂದು ಸುತ್ತು ಜಾಸ್ತಿ. 1998ರವರೆಗೂ 911ರ ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ಹಿಂದುಗಡೆ ಇಟ್ಟ ಎಂಜಿನ್ನಿನ ಮೇಲೊಂದು ದೊಡ್ಡ ಫ್ಯಾನು, ಅದನ್ನು ಬೆಲ್ಟಿನ ಮೂಲಕ ಎಂಜಿನ್ನೇ ತಿರುಗಿಸುತ್ತಿತ್ತು. ಎಂಜಿನ್ ನಿಂತರೆ ಫ್ಯಾನೂ ನಿಂತಿತು. ರೇಡಿಯೇಟರಿನ ನೀರು ಹಿಡಿದಿಡಬಹುದಾದ ಬಿಸಿಯ ಲೆಕ್ಕವೇ ಇಲ್ಲಿಲ್ಲ; ಇರುವುದು ಹತ್ತು ಲೀಟರಿಗೂ ಮೀರಿದ ಆಯಿಲ್ ಮತ್ತು ರೆಕ್ಕೆ ರೆಕ್ಕೆಯಾದ ಸಿಲಿಂಡರುಗಳು ಮಾತ್ರ. ಇಂಥ ಎಂಜಿನ್ನಿಗೆ ಐಡಲ್ ಕೂಡ ಪೂರ್ತಿ ಮದ್ದಲ್ಲ, ಏಕೆಂದರೆ ಐಡಲ್‌ನಲ್ಲಿ ಫ್ಯಾನು ನಿಧಾನ. ನಿಂತಲ್ಲೇ ಬಹಳ ಹೊತ್ತು ಬಿಡುವುದಕ್ಕಿಂತ ಕೊನೆಯ ಕೆಲವು ಕಿಲೋಮೀಟರ್ ಮೆಲ್ಲಗೆ ಓಡಿಸಿಕೊಂಡು ಬರುವುದೇ ಅದಕ್ಕೆ ಹಿತ. ಮುಂದೆ ಬರುವ ವಾದಕ್ಕೆ ಈ ಮಾತನ್ನು ಸ್ವಲ್ಪ ನೆನಪಿಡಬೇಕು.

1980ರ ದಶಕದಲ್ಲಿ ಚಿತ್ರ ಬದಲಾಯಿತು. ಟರ್ಬೊ ತಯಾರಕರು ಬೇರಿಂಗ್ ಕೂತಿರುವ ನಡುಭಾಗದ ಸುತ್ತ ನೀರು ಹರಿಯುವ ಹೊದಿಕೆ ಕೊಟ್ಟರು. ಎಂಜಿನ್ ಓಡುವಾಗ ಈ ನೀರಿನ ಉಪಯೋಗ ಅಷ್ಟೇನಿಲ್ಲ. ಅದರ ನಿಜವಾದ ಕೆಲಸ ಶುರುವಾಗುವುದು ಎಂಜಿನ್ ನಿಂತ ಮೇಲೆ. ಕವಚದ ಬಿಸಿಗೆ ನಡುಭಾಗದ ನೀರು ಕಾದು ಮೇಲೇರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ನೀರು ತಾನಾಗಿ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಕೊಳವೆಗಳನ್ನು ಸರಿಯಾದ ಓಟದಲ್ಲಿ ಜೋಡಿಸಿದ್ದರೆ ಸಾಕು. ಇಷ್ಟು ಸರಳ ಭೌತಶಾಸ್ತ್ರ ಒಂದು ಇಡೀ ಕಾಲದ ತಲೆನೋವನ್ನು ಬಹುಮಟ್ಟಿಗೆ ಇಳಿಸಿತು ಎನ್ನುವುದು ನನಗೆ ಟರ್ಬೊ ಚರಿತ್ರೆಯ ಅತ್ಯಂತ ಸೊಗಸಾದ ಭಾಗ.

ಕೆಲವು ತಯಾರಕರು ಅಷ್ಟಕ್ಕೇ ಬಿಡಲಿಲ್ಲ. ಪೋರ್ಶೆ 944 ಟರ್ಬೊದಲ್ಲಿ ಆಫ್ ಮಾಡಿದ ಮೇಲೂ ಟರ್ಬೊಗೆ ನೀರು ಹರಿಸುವ ಪುಟ್ಟ ವಿದ್ಯುತ್ ಪಂಪು ಇತ್ತು. ಅದೇ ಉಪಾಯ ಮುಂದೆ ಸಾಮಾನ್ಯರ ಕಾರಿಗೂ ಬಂತು. ಫೋಕ್ಸ್‌ವ್ಯಾಗನ್ ಗುಂಪಿನ ಟಿಎಸ್‌ಐ ಎಂಜಿನ್‌ಗಳಲ್ಲಿ ಇಂಥ ಪಂಪು ಎಂಜಿನ್ ನಿಂತ ಎಷ್ಟೋ ನಿಮಿಷ ಕೆಲಸ ಮಾಡುತ್ತದೆ. ಮನೆಯ ಮುಂದೆ ನಿಲ್ಲಿಸಿದ ಕಾರಿನಿಂದ ಗುಯ್ಯೆಂಬ ಸದ್ದು ಕೇಳಿ, ಏನೋ ಆಫ್ ಮಾಡಲು ಮರೆತೆ ಎಂದು ವಾಪಸ್ ಓಡಿಬಂದವರು ಕಡಿಮೆಯಿಲ್ಲ. ಈ ದಾರಿಯ ತುತ್ತತುದಿಯಲ್ಲಿ ನಿಂತಿರುವುದು ಬುಗಾಟಿ ವೇರಾನ್: ಎಂಟು ಲೀಟರಿನ ಹದಿನಾರು ಸಿಲಿಂಡರ್ ಎಂಜಿನ್, ನಾಲ್ಕು ಟರ್ಬೊ, 1,001 ಅಶ್ವಶಕ್ತಿ, ಇವೆಲ್ಲದರ ಬಿಸಿ ಕಳೆಯಲು ಹತ್ತು ರೇಡಿಯೇಟರು. ಆ ಕಾರಿನ ವಿನ್ಯಾಸಕರಿಗೆ ಶಕ್ತಿ ಹುಟ್ಟಿಸುವುದಕ್ಕಿಂತ ಹುಟ್ಟಿದ ಬಿಸಿಗೆ ಜಾಗ ತೋರಿಸುವುದೇ ದೊಡ್ಡ ಕೆಲಸವಾಗಿತ್ತು ಎಂದರೆ ತಪ್ಪಾಗದು.

ಹೀಗೆ ಎಂಜಿನಿಯರುಗಳು ಪರಿಹಾರ ಹುಡುಕುತ್ತಿದ್ದ ಹೊತ್ತಿನಲ್ಲೇ ಜಪಾನಿನಲ್ಲಿ ಬೇರೊಂದು ಸಂಸ್ಕೃತಿ ಬೆಳೆಯಿತು. 1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಮತ್ತು ಅದರ ಸಾಲಿನ ಸುಪ್ರಾ, ಇಂಪ್ರೆಜಾ, ಲ್ಯಾನ್ಸರ್ ಎವೊಲ್ಯೂಷನ್ ಕಾರುಗಳ ಅಭಿಮಾನಿಗಳು ಡ್ಯಾಶ್‌ಬೋರ್ಡಿನಲ್ಲಿ ಟರ್ಬೊ ಟೈಮರ್ ಕೂರಿಸತೊಡಗಿದರು. ಎಚ್‌ಕೆಎಸ್, ಬ್ಲಿಟ್ಜ್‌ನಂಥ ಕಂಪನಿಗಳ ಈ ಸಣ್ಣ ಡಬ್ಬಿ ಕೀಲಿ ತೆಗೆದ ಮೇಲೂ ಎಂಜಿನ್ನನ್ನು ನಿಗದಿ ಮಾಡಿದಷ್ಟು ಹೊತ್ತು ಓಡಿಸಿ ಆಮೇಲೆ ತಾನೇ ಆಫ್ ಮಾಡುತ್ತದೆ. ಇದರಲ್ಲೊಂದು ತಮಾಷೆ ಇದೆ. ಈ ಕಾರುಗಳ ಟರ್ಬೊಗಳಿಗೆ ಆಗಲೇ ನೀರಿನ ತಂಪಿತ್ತು; ಟೈಮರು ಅತಿಯಾಗಿ ಬೇಕಿದ್ದ ಕಾಲ ಕಳೆದ ಮೇಲೆಯೇ ಅದು ಅತಿ ಜನಪ್ರಿಯವಾದದ್ದು. ಬೂಸ್ಟ್ ಹೆಚ್ಚಿಸಿಕೊಂಡ, ದೊಡ್ಡ ಟರ್ಬೊ ಹಾಕಿಸಿಕೊಂಡ ಕಾರುಗಳಿಗೆ ಅದರಿಂದ ಉಪಯೋಗವಿತ್ತು, ಒಪ್ಪೋಣ. ಉಳಿದವರ ಪಾಲಿಗೆ ಒಡೆಯ ದೂರ ನಡೆದು ಹೋದ ಮೇಲೂ ಗುಡುಗುಡು ಎನ್ನುವ ಗಾಡಿ ಒಂದು ಶೋಕಿ.

ಶೋಕಿಗೆ ಕಾನೂನಿನ ತೊಡಕೂ ಇದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಟೈಮರನ್ನು ನಂಬಿ ರಸ್ತೆ ಬದಿಯಲ್ಲಿ ಓಡುವ ಎಂಜಿನ್ ಬಿಟ್ಟು ಹೋಗುವುದು ಇದಕ್ಕೆ ವಿರುದ್ಧ. ಜರ್ಮನಿಯ ಸಂಚಾರ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಜನ ಇದ್ದರೂ ಅನಗತ್ಯವಾಗಿ ಎಂಜಿನ್ ಓಡಿಸುವುದನ್ನೇ ನಿಷೇಧಿಸುತ್ತದೆ. ಅತಿ ವೇಗದ ಕಾರು ಮಾಡುವ ದೇಶದಲ್ಲೇ ಐಡಲ್‌ಗೆ ದಂಡ.

ಈಗ ಮೂಲ ವಾದಕ್ಕೆ ಬರೋಣ. ನಿಂತು ಐಡಲ್ ಮಾಡುವುದು ತಣಿಸುವ ಒಳ್ಳೆಯ ವಿಧಾನವೇ? ಪರವಾಗಿ ಹೇಳಬೇಕಾದದ್ದು ಇಷ್ಟು: ಐಡಲ್‌ನಲ್ಲಿ ಉರಿಯುವ ಪೆಟ್ರೋಲ್ ಬಲು ಕಡಿಮೆ, ಹೊಗೆಯ ಉಷ್ಣತೆ ಪೂರ್ತಿ ರೇಸ್‌ನಲ್ಲಿದ್ದಾಗಿನ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಟರ್ಬೊ ಶಾಫ್ಟಿನ ವೇಗವೂ ಇಳಿಯುತ್ತದೆ, ಆಯಿಲ್ ಮತ್ತು ನೀರು ಮಾತ್ರ ಹರಿಯುತ್ತಲೇ ಇರುತ್ತವೆ. ಟರ್ಬೈನಿನ ಕವಚ ಕೆಂಪು ಕಳೆದುಕೊಳ್ಳಲು ಅಷ್ಟು ಸಾಕು, ಒಂದೆರಡು ನಿಮಿಷವೇ ಸಾಕು. ವಿರುದ್ಧವಾಗಿ ಹೇಳಬೇಕಾದದ್ದೂ ಇದೆ. ನಿಂತ ಕಾರಿಗೆ ಎದುರುಗಾಳಿ ಇಲ್ಲ, ಪಂಪು ನಿಧಾನ, ಬಾನೆಟ್ಟಿನ ಕೆಳಗಿನ ಗಾಳಿ ಕಾಯುತ್ತಲೇ ಹೋಗುತ್ತದೆ. ಟರ್ಬೊ ತಣಿಯುವಾಗ ಅದರ ಸುತ್ತಲಿನ ವೈರು, ರಬ್ಬರು, ಪ್ಲಾಸ್ಟಿಕ್ಕು ಬೇಯುತ್ತವೆ.

ಎರಡನ್ನೂ ತೂಗಿದರೆ ತೀರ್ಪು ಕಷ್ಟವಲ್ಲ. ತಣಿಸುವ ಕೆಲಸ ನಡೆಯಬೇಕಾದದ್ದು ರಸ್ತೆಯ ಮೇಲೆ. ಕೊನೆಯ ನಾಲ್ಕೈದು ಕಿಲೋಮೀಟರ್ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಮಾಡಿ, ಮೇಲಿನ ಗೇರಿನಲ್ಲಿ, ಬೂಸ್ಟ್ ಏರದಂತೆ ಬಂದರೆ ಹೊಗೆ ತಂಪು, ಗಾಳಿ ಧಾರಾಳ, ಆಯಿಲ್ ಒತ್ತಡವೂ ಐಡಲ್‌ಗಿಂತ ಉತ್ತಮ. ಹಾಗೆ ಬಂದವರು ಗೇಟಿನ ಮುಂದೆ ಮತ್ತೆ ಎರಡು ನಿಮಿಷ ಕಾಯುವುದರಿಂದ ಹೆಚ್ಚೇನೂ ಗಳಿಸುವುದಿಲ್ಲ. ಟರ್ಬೊ ಇರುವ ಸಣ್ಣ ವಿಮಾನಗಳ ಪೈಲಟ್‌ಗಳ ನಡುವೆಯೂ ಇದೇ ವಾಗ್ವಾದ ಬಹುಕಾಲದಿಂದ ನಡೆದಿದೆ. ಇಳಿದ ಮೇಲೆ ಐದು ನಿಮಿಷ ಐಡಲ್ ಮಾಡಬೇಕೆಂಬುದು ಹಳೆಯ ಪಾಠ. ಇಳಿಯಲು ಬರುವಾಗ ಶಕ್ತಿ ತಗ್ಗಿಸಿ, ತಣ್ಣನೆಯ ಗಾಳಿಯಲ್ಲಿ ತೇಲಿಬಂದು, ರನ್‌ವೇಯಿಂದ ನಿಲುಗಡೆಯವರೆಗೆ ನಿಧಾನ ಉರುಳಿದ ವಿಮಾನ ಆಗಲೇ ತಣಿದಿರುತ್ತದೆ ಎಂಬುದು ಅದಕ್ಕೆ ಬಂದ ಉತ್ತರ. ರೇಸ್ ಟ್ರ್ಯಾಕ್‌ಗಳಲ್ಲಿ ಇದನ್ನು ಯಾರೂ ವಾದ ಮಾಡಿ ಕಲಿಯಬೇಕಾಗಿಲ್ಲ. ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಬೆಂಗಳೂರಿನಿಂದ ಕಾರು ಒಯ್ಯುವವರಿಗೆ ಕೊನೆಯ ಸುತ್ತು ಮೆಲ್ಲಗೆ ಎನ್ನುವುದು ಮೊದಲ ದಿನದ ಪಾಠ. ಅಲ್ಲಿ ಎಂಜಿನ್‌ಗಿಂತ ಹೆಚ್ಚು ಕಾದಿರುವುದು ಬ್ರೇಕು. ಕೆಂಡವಾದ ಡಿಸ್ಕಿಗೆ ಪ್ಯಾಡು ಕಚ್ಚಿ ನಿಂತರೆ ಅದೇ ಜಾಗದಲ್ಲಿ ಪ್ಯಾಡಿನ ಪದಾರ್ಥ ಮೆತ್ತಿಕೊಂಡು ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ನಡುಗುತ್ತದೆ. ಹಾಗಾಗಿ ಪಿಟ್‌ಗೆ ಬಂದ ಮೇಲೂ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡುತ್ತಾರೆ. ಫಾರ್ಮುಲಾ ಒನ್ ಕಾರುಗಳಿಗಂತೂ ರೇಡಿಯೇಟರ್ ಫ್ಯಾನೇ ಇಲ್ಲ. ಓಡುವುದೇ ಅವುಗಳ ಫ್ಯಾನು. ಪಿಟ್‌ಗೆ ಬಂದು ನಿಂತೊಡನೆ ಮೆಕ್ಯಾನಿಕ್‌ಗಳು ಹೊರಗಿನಿಂದ ಗಾಳಿಯಂತ್ರ ತಂದು ಪಕ್ಕಗಳಿಗೆ ಸಿಕ್ಕಿಸುತ್ತಾರೆ.

ನಿಜವಾದ ಅಪಾಯ ಇರುವುದು ದಿನದ ಓಡಾಟದಲ್ಲಲ್ಲ, ಎರಡು ಮೂರು ನಿರ್ದಿಷ್ಟ ಸಂದರ್ಭಗಳಲ್ಲಿ. ಜರ್ಮನಿಯ ಆಟೊಬಾನ್‌ನಲ್ಲಿ ಗಂಟೆಗೆ 250 ಕಿಲೋಮೀಟರಿನಲ್ಲಿ ಬರುತ್ತಿದ್ದ ಕಾರು ಪೆಟ್ರೋಲ್ ಬಂಕಿಗೆ ತಿರುಗಿ ಅರ್ಧ ನಿಮಿಷದಲ್ಲಿ ಆಫ್ ಆಗುವುದು ಒಂದು. ಇಲ್ಲಿ ಮೆಲ್ಲಗೆ ಬರುವ ಕೊನೆಯ ಕಿಲೋಮೀಟರುಗಳೇ ಇಲ್ಲ. ಇನ್ನೊಂದು ಘಾಟಿ. ಇಳಿಜಾರು ಇಳಿದು ನಿಲ್ಲಿಸುವುದಕ್ಕೂ ಏರು ಹತ್ತಿ ನಿಲ್ಲಿಸುವುದಕ್ಕೂ ಅಜಗಜಾಂತರ. ನಂದಿ ಬೆಟ್ಟದ ಮೇಲಕ್ಕೆ ಸುತ್ತು ತಿರುವುಗಳಲ್ಲಿ ಕೆಳ ಗೇರಿನಲ್ಲಿ ಎಳೆದುಕೊಂಡು ಹೋದ ಕಾರು ತುದಿಯಲ್ಲಿ ನೇರ ಪಾರ್ಕಿಂಗ್‌ಗೆ ನುಗ್ಗುತ್ತದೆ. ಎಂಜಿನ್ ಅತಿ ಕಷ್ಟಪಟ್ಟ ಗಳಿಗೆ ಮತ್ತು ಅದು ನಿಂತ ಗಳಿಗೆ ಪಕ್ಕಪಕ್ಕದಲ್ಲೇ ಬೀಳುತ್ತವೆ. ರಜಾದಿನಗಳಲ್ಲಿ ಅಲ್ಲಿನ ಗೇಟಿನ ಮುಂದಿನ ಉದ್ದ ಸಾಲೇ ಟರ್ಬೊ ಟೈಮರಿನ ಕೆಲಸ ಮಾಡಿಬಿಡುತ್ತದೆ ಎನ್ನುವುದು ಬೇರೆ ಮಾತು. ಸಾಲಿಲ್ಲದ ದಿನ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಅದು ಅಂಧಶ್ರದ್ಧೆಯಲ್ಲ, ಸರಿಯಾದ ಜಾಗದಲ್ಲಿ ಹಾಕಿದ ಲೆಕ್ಕ. ಏರು ಹತ್ತಿ ಬಂದ ಲಾರಿಯನ್ನು ಡಾಬಾದ ಮುಂದೆ ನಿಲ್ಲಿಸಿ, ಕೆಳಗಿಳಿದು ಚಕ್ರ ತಟ್ಟಿ ನೋಡಿ, ಆಮೇಲೆ ಆಫ್ ಮಾಡುವ ಹಳೆಯ ಡ್ರೈವರ್‌ಗಳಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿದೆ. ದೊಡ್ಡ ಡೀಸೆಲ್ ಎಂಜಿನ್‌ಗಳಿಗೆ ಕಮಿನ್ಸ್ ಕಂಪನಿಯ ಕೈಪಿಡಿ ಪೂರ್ಣ ಹೊರೆಯಲ್ಲಿ ಓಡಿಸಿದ ಮೇಲೆ ಮೂರರಿಂದ ಐದು ನಿಮಿಷ ಐಡಲ್ ಮಾಡಿ ಎಂದು ಇಂದಿಗೂ ಹೇಳುತ್ತದೆ.

ಟರ್ಬೊ ಇಲ್ಲದ ಸ್ಪೋರ್ಟ್ಸ್ ಕಾರುಗಳ ವಿಷಯ ಚಿಕ್ಕದು. ಕೆಂಪಗೆ ಕಾದ ಕವಚದ ಪಕ್ಕ ಬೇರಿಂಗ್ ಇಡುವ ಪ್ರಮೇಯವೇ ಅಲ್ಲಿಲ್ಲ. ಆಫ್ ಮಾಡಿದ ಮೇಲೆ ಸಿಲಿಂಡರ್ ಹೆಡ್‌ನ ಸುತ್ತಲಿನ ನೀರಿನ ಬಿಸಿ ಸ್ವಲ್ಪ ಏರುತ್ತದೆ, ಫ್ಯಾನು ತಾನೇ ತಿರುಗಿ ಇಳಿಸುತ್ತದೆ. ಎಂಜಿನ್ನನ್ನು ಸೀಟಿನ ಬೆನ್ನಿಗೆ ಇಟ್ಟ ಕಾರುಗಳಲ್ಲಿ ಬಿಸಿಗೆ ಹೋಗಲು ಜಾಗ ಕಡಿಮೆ. ಅಂಥವುಗಳ ಒಡೆಯರು ನಿಲ್ಲಿಸಿದ ಮೇಲೆ ಹಿಂದಿನ ಮುಚ್ಚಳ ಎತ್ತಿಡುವುದರಲ್ಲಿ ಅರ್ಥವಿದೆ. ಕಾರ್ಬ್ಯುರೇಟರ್ ಕಾಲದಲ್ಲಿ ನಿಂತ ಮೇಲಿನ ಬಿಸಿಯನ್ನು ಕರ್ನಾಟಕದ ಪ್ರತಿ ಟ್ಯಾಕ್ಸಿ ಡ್ರೈವರನೂ ಕಂಡಿದ್ದ. ಬೇಸಿಗೆಯಲ್ಲಿ ಘಾಟಿ ಹತ್ತಿ ಕಾಫಿಗೆಂದು ನಿಲ್ಲಿಸಿದ ಅಂಬಾಸಿಡರ್ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ, ಏಕೆಂದರೆ ಎಂಜಿನ್ನಿನ ಉಳಿದ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲಾರದೆ ಕೂರುತ್ತಿತ್ತು. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಅದಕ್ಕೆ ಚಿಕಿತ್ಸೆ.

ಇಂದಿನ ಕಾರು ಕೊಂಡವರ ಗೊಂದಲ ಬೇರೆ. ಸಿಗ್ನಲ್‌ನಲ್ಲಿ ಕಾರೇ ತಾನಾಗಿ ಆಫ್ ಆಗುತ್ತದಲ್ಲ, ಅದರಿಂದ ಟರ್ಬೊ ಹಾಳಾಗದೇ ಎಂದು ಕೇಳುತ್ತಾರೆ. ಬಿಸಿ ಅತಿಯಾಗಿದ್ದರೆ ಆ ವ್ಯವಸ್ಥೆ ಎಂಜಿನ್ನನ್ನು ನಿಲ್ಲಿಸದೆ ಬಿಡುವಂತೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಬೆಂಗಳೂರಿನ ಸಂಚಾರದಲ್ಲಿ ತೆವಳಿ ಬಂದ ಕಾರಿನ ಟರ್ಬೊ ಕಾದಿರುವ ಸಂಭವವೂ ಕಡಿಮೆ. ಇನ್ನೊಂದು ಎಚ್ಚರಿಕೆ ಮಾತ್ರ ಯಾವ ಕಾಲಕ್ಕೂ ಹಳೆಯದಾಗಿಲ್ಲ: ಕಾದ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಕೆಳಗಿರುವ ಕೆಟಲಿಟಿಕ್ ಕನ್ವರ್ಟರ್ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಬಿಸಿ ಇರುತ್ತದೆ. ಎಂಜಿನ್ ಉಳಿಸಲು ನಿಮಿಷ ಎಣಿಸುವವರು ಈ ಕಡೆ ಕಣ್ಣು ಹಾಯಿಸುವುದು ಕಡಿಮೆ.

ತಣಿಸುವ ಬಗ್ಗೆ ಇಷ್ಟು ಚರ್ಚೆ ಮಾಡುವವರು ಕಾಯಿಸುವ ಬಗ್ಗೆ ಅಷ್ಟೇ ಚರ್ಚೆ ಮಾಡಿದ್ದರೆ ಹೆಚ್ಚು ಎಂಜಿನ್ ಉಳಿಯುತ್ತಿದ್ದವು ಎಂದು ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ಆಗ ರೇಸ್ ಕೊಡುವುದು ಸಂಜೆ ಬೇಗ ಆಫ್ ಮಾಡುವುದಕ್ಕಿಂತ ಕೆಟ್ಟದ್ದು. ಬಿಎಂಡಬ್ಲ್ಯೂ ತನ್ನ ಹಿಂದಿನ ತಲೆಮಾರಿನ ಎಂ5 ಮತ್ತು ಎಂ3 ಕಾರುಗಳ ಮೀಟರಿನಲ್ಲಿ ಆಯಿಲ್ ಕಾದಂತೆಲ್ಲ ಒಂದೊಂದಾಗಿ ಆರುವ ದೀಪಗಳನ್ನು ಇಟ್ಟದ್ದು ಇದಕ್ಕೇ: ಇಷ್ಟು ಕಾದಿದೆ, ಇಷ್ಟೇ ರೇಸ್ ಕೊಡು ಎಂಬ ಸೂಚನೆ. ತಣಿಸುವುದಕ್ಕೆ ಅಂಥ ದೀಪ ಇಡುವ ಅಗತ್ಯ ಅವರಿಗೆ ಕಂಡಿಲ್ಲ.

ಆಯಿಲ್‌ನ ಗುಣ ಮತ್ತು ಅದನ್ನು ಬದಲಾಯಿಸುವ ಅವಧಿಯದೂ ಅದೇ ತೂಕ. ಹಳಸಿದ ಆಯಿಲ್ ಹೊಸ ಆಯಿಲ್‌ಗಿಂತ ಬೇಗ ಕರಿ ಹಿಡಿಯುತ್ತದೆ. ದಿನಾ ಎರಡು ನಿಮಿಷ ಐಡಲ್ ಮಾಡಿ, ವರ್ಷಾನುಗಟ್ಟಲೆ ಅದೇ ಆಯಿಲ್‌ನಲ್ಲಿ ಓಡಿಸಿದವರ ಟರ್ಬೊ, ಕಾಯದೆ ಆಫ್ ಮಾಡಿ ಅವಧಿಗೆ ಸರಿಯಾಗಿ ಒಳ್ಳೆಯ ಸಿಂಥೆಟಿಕ್ ಆಯಿಲ್ ಹಾಕಿಸಿದವರ ಟರ್ಬೊಗಿಂತ ಮೊದಲು ಕೈಕೊಡಬಹುದು. ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಳ್ಳುವವರು ಮೊದಲು ನೋಡಬೇಕಾದದ್ದು ಸರ್ವಿಸ್ ಪುಸ್ತಕವನ್ನು, ಆಮೇಲೆ ತಣ್ಣಗಿದ್ದಾಗಿನ ಮೊದಲ ಸ್ಟಾರ್ಟ್‌ನ ಹೊಗೆಯ ಬಣ್ಣವನ್ನು. ನಿಂತ ಮೇಲೆ ನೀರು ಹರಿಸುವ ವಿದ್ಯುತ್ ಪಂಪು ಇರುವ ಕಾರಾದರೆ, ಚೆನ್ನಾಗಿ ಓಡಿಸಿ ತಂದು ಆಫ್ ಮಾಡಿ ಬಾನೆಟ್ ಪಕ್ಕ ಕಿವಿಗೊಡಬೇಕು. ಸದ್ದು ಕೇಳದಿದ್ದರೆ ಪಂಪನ್ನು ಮೆಕ್ಯಾನಿಕ್‌ಗೆ ತೋರಿಸಿ ಪರೀಕ್ಷೆ ಮಾಡಿಸದೆ ಬೆಲೆ ಮಾತಾಡಬಾರದು. ಆ ಪಂಪು ಕೆಟ್ಟರೂ ಕಾರು ಎಂದಿನಂತೆ ಓಡುತ್ತಿರುತ್ತದೆ, ಹಾಗಾಗಿ ಒಡೆಯನಿಗೇ ಗೊತ್ತಿರದೆ ಇರಬಹುದು.